ಬಟ್ಟೆಯ ಕೂದಲು ಮಲಗುವ ದಿಕ್ಕು

ಶೆನೀಲ್ ನೂಲಿಗೆ ನಮ್ಮ ಅಜ್ಜಿ ಇಟ್ಟ ಹೆಸರು ಕಂಬಳಿಹುಳ. ಮಾವ ಮೊದಲ ಸಲ ಅದರ ಉಂಡೆಯೊಂದನ್ನು ತಂದು ಅವಳ ಮಡಿಲಿಗೆ ಹಾಕಿದಾಗ ಅವಳ ಕಣ್ಣು ಇನ್ನೂ ಚೆನ್ನಾಗಿತ್ತು. ಎಳೆಯನ್ನು ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದು, “ಇದು ನೂಲಲ್ಲ ಕಣೋ. ಯಾವುದೋ ಕಂಬಳಿಹುಳಕ್ಕೆ ಚಿಟ್ಟೆ ಆಗೋಕೆ ಸೋಮಾರಿತನ ಬಂದು, ಸುಮ್ಮನೆ ಉದ್ದಕ್ಕೆ ಬೆಳೀತಾ ಹೋಗಿದೆ” ಅಂದಿದ್ದಳು. ನೋಡಿದರೆ ನಿಜಕ್ಕೂ ಹಾಗೆಯೇ. ಹೊಸೆದ ಎರಡು ದಾರಗಳ ನಡುವೆ ಗಿಡ್ಡ ನೂಲಿನ ತುಣುಕುಗಳು ಸಿಕ್ಕಿಕೊಂಡು, ಮೈ ತುಂಬ ರೋಮ ಎದ್ದಂತೆ ಕಾಣುತ್ತದೆ. ಆ ನೂಲಿನಿಂದ ನೇಯ್ದ ಬಟ್ಟೆಯಂತೂ ಬೆಕ್ಕಿನ ಬೆನ್ನು. ಒಂದು ಕಡೆಗೆ ಸವರಿದರೆ ನುಣ್ಣಗೆ ಮಲಗಿ ಹೊಳೆಯುತ್ತದೆ. ಎದುರು ಸವರಿದರೆ ಕೂದಲೆದ್ದು ಅಂಗೈಯನ್ನು ತಡೆಯುತ್ತದೆ, ಬಣ್ಣವೂ ಕಪ್ಪಿಡುತ್ತದೆ.

ಮಾವ ಅಂದರೆ ಅಮ್ಮನ ಅಣ್ಣ. ಬೀದಿಯವರ ಬಾಯಲ್ಲಿ ಟೇಪು ಮಾಸ್ಟರು. ಊಟಕ್ಕೆ ಕೂತಾಗಲೂ ಅಳತೆಯ ಟೇಪು ಕೊರಳಿನಿಂದ ಇಳಿಯದಿದ್ದರೆ ಇನ್ನೇನು ಕರೆದಾರು? ಸೋಫಾಗಳಿಗೆ, ಕುರ್ಚಿಗಳಿಗೆ, ದಿಂಬುಗಳಿಗೆ ಅಂಗಿ ಹೊಲಿಯುವುದು ನಮ್ಮ ಮನೆಯ ಕಸುಬು. ಕತ್ತರಿಸುವುದು ಮಾವ, ಹೊಲಿಯುವುದು ಅಮ್ಮ, ಅಂಚು ಬಿಚ್ಚಿಹೋಗದಂತೆ ಓವರ್‌ಲಾಕ್ ಮಾಡುವುದು ನಾನು. ಶೆನೀಲ್ ಬಂದ ದಿನ ಇಡೀ ಕೆಲಸದ ಕೋಣೆ ಬಣ್ಣದ ನವಿರು ಧೂಳಿನಲ್ಲಿ ಮುಳುಗುತ್ತದೆ. ಮಾವನ ಬಿಳಿ ಮೀಸೆ ಒಂದು ವಾರ ಹಸಿರಾಗಿ, ಮುಂದಿನ ವಾರ ನೇರಳೆಯಾಗಿ ತಿರುಗಾಡುತ್ತದೆ.

ನಮ್ಮದು ರೈಲು ಡಬ್ಬಿಯಂಥ ಉದ್ದ ಮನೆ. ಬೀದಿಗೆ ಮುಖ ಮಾಡಿ ಕೆಲಸದ ಕೋಣೆ, ಹಿತ್ತಲಿಗೆ ಮುಖ ಮಾಡಿ ಅಜ್ಜಿಯ ಕೋಣೆ. ನಡುವೆ ಒಂದು ಓಣಿ. ಹಗಲಲ್ಲೂ ಅಲ್ಲಿ ಅರೆಗತ್ತಲು. ಓಣಿಯ ನಡುವಿನಲ್ಲಿ, ಯಾವ ಮೇಸ್ತ್ರಿಗೆ ಏನು ಹೊಳೆಯಿತೋ, ಒಂದು ಮೆಟ್ಟಿಲು. ಅಜ್ಜಿಯ ಕೋಣೆಯಿಂದ ಬರುವಾಗ ಕೆಳಗಿಳಿಯಬೇಕು.

ಒಂದು ಕಾಲದಲ್ಲಿ ಅಜ್ಜಿ ಆ ಮೆಟ್ಟಿಲನ್ನು ದಿನಕ್ಕೆ ಎಷ್ಟು ಸಲ ಇಳಿಯುತ್ತಿದ್ದಳೋ. ಕೆಲಸದ ಕೋಣೆಯಲ್ಲಿ ಅವಳಿಗೆಂದು ಬೆತ್ತದ ಕುರ್ಚಿ ಇತ್ತು. ಅದರಲ್ಲಿ ಕೂತು ದಿಂಬಿಗೆ ಹತ್ತಿ ತುಂಬುತ್ತಾ ಅವಳು ಕತೆ ಹೇಳುತ್ತಿದ್ದಳು. ನಾನು ಅಕ್ಷರ ಕಲಿಯುವ ಮುಂಚೆ ಕಲಿತದ್ದು ಅವಳ ರಾಕ್ಷಸರ ಊಟದ ಪಟ್ಟಿ, ಏಳು ಅಕ್ಕತಂಗಿಯರ ಜಡೆಯ ಉದ್ದ, ಮೋಡದೊಳಗೆ ಮನೆ ಕಟ್ಟಿದ ಕಳ್ಳನ ಪಾಡು. ಒಂದೇ ಕತೆ ಎರಡು ಸಲ ಒಂದೇ ರೀತಿ ಮುಗಿಯುತ್ತಿರಲಿಲ್ಲ. “ಮೊನ್ನೆ ಕಳ್ಳ ಸತ್ತಿದ್ನಲ್ಲ ಅಜ್ಜಿ?” ಅಂತ ಕೇಳಿದರೆ, “ಮೊನ್ನೆ ನೀನು ಹಟ ಮಾಡಿದ್ದೆ, ಅದಕ್ಕೆ ಸತ್ತ. ಇವತ್ತು ಜಾಣೆ ಆಗಿದ್ದೀಯ, ಬದುಕಿದ್ದಾನೆ” ಅನ್ನುತ್ತಿದ್ದಳು.

ಆಮೇಲೆ ಅವಳ ಕಣ್ಣಿಗೆ ಮಂಜು ಇಳಿಯಿತು. ಡಾಕ್ಟರು ಆದಷ್ಟು ಮಾಡಿದರು. ಈಗ ಅವಳಿಗೆ ಕಿಟಕಿ ಎಲ್ಲಿದೆ ಅನ್ನುವುದು ಗೊತ್ತಾಗುತ್ತದೆ, ಅದರ ಮುಂದೆ ನಿಂತವರು ಯಾರು ಅನ್ನುವುದು ಗೊತ್ತಾಗುವುದಿಲ್ಲ. ಅದಕ್ಕೂ ಅವಳು ಹೊಂದಿಕೊಳ್ಳುತ್ತಿದ್ದಳೇನೋ, ಆದರೆ ಹೋದ ಚಳಿಗಾಲದಲ್ಲಿ ಓಣಿಯ ಮೆಟ್ಟಿಲಿನ ಲೆಕ್ಕ ತಪ್ಪಿ ಬಿದ್ದಳು. ಮೂಳೆಗೆ ಏನೂ ಆಗಲಿಲ್ಲ. ಧೈರ್ಯಕ್ಕೆ ಆಯಿತು. ಅಂದಿನಿಂದ ಕೋಣೆಯೊಳಗೆ ಮಂಚ, ಕಿಟಕಿ, ಬಚ್ಚಲು ಇಷ್ಟೇ ಅವಳ ರಾಜ್ಯ.

ಕೈ ಹಿಡಿದು ಕರೆದುಕೊಂಡು ಹೋಗುತ್ತೇವೆ ಅಂದರೆ ಒಪ್ಪುತ್ತಿರಲಿಲ್ಲ.

“ನಾನೇನು ಹತ್ತಿ ಮೂಟೇನಾ, ಇಲ್ಲಿಂದ ಎತ್ತಿ ಅಲ್ಲಿಡೋಕೆ? ನನ್ನ ಕಾಲಲ್ಲಿ ಬರೋ ಹಾಗಿದ್ರೆ ಬರ್ತೀನಿ. ಇಲ್ದಿದ್ರೆ ಇಲ್ಲ.”

ಕತೆಯೂ ನಿಂತಿತು. ಮಂಚದ ಕೆಳಗೆ ಕೂತು ನಾನು ಎಷ್ಟು ಗೋಗರೆದರೂ, “ಕೇಳೋರ ಮುಖ ಕಾಣದೆ ಕತೆ ಹೇಳೋದು ಅಂದ್ರೆ ಬಾವಿಗೆ ಕೂಗಿದ ಹಾಗೆ ಕಣೇ ಪುಟ್ಟಿ. ನನ್ನ ದನೀನೇ ನನಗೆ ವಾಪಸ್ ಬರುತ್ತೆ” ಅಂದು ಗೋಡೆ ಕಡೆ ತಿರುಗುತ್ತಿದ್ದಳು. ಬೆತ್ತದ ಕುರ್ಚಿಯ ಮೇಲೆ ಬಟ್ಟೆಯ ಥಾನುಗಳು ಬಂದು ಕೂತವು. ನನಗೆ ಬೇಕಾಗಿದ್ದದ್ದು ಒಂದೇ. ಆ ಥಾನುಗಳನ್ನು ಕೆಳಗಿಳಿಸಿ, ಅಜ್ಜಿ ತನ್ನ ಕಾಲಲ್ಲೇ ನಡೆದು ಬಂದು ಅಲ್ಲಿ ಕೂರುವುದನ್ನು ನೋಡಬೇಕಿತ್ತು. ಆದರೆ ಅದು ಹೇಗೆ ಅಂತ ನನಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಸಂಗೀತ ಶಾಲೆಯ ಮೇಡಂ ಬಂದರು. ಅವರ ಶಾಲೆಯಲ್ಲಿ ಕಚೇರಿ ನಡೆಸುವ ಪುಟ್ಟ ಹಾಲು ಇದೆ. ಅಲ್ಲಿನ ಅಷ್ಟೂ ಕುರ್ಚಿಗಳಿಗೆ ಮೆರೂನ್ ಬಣ್ಣದ ಶೆನೀಲ್ ಕವರು ಆಗಬೇಕು ಅಂದರು. ನಮಗೆ ಅಷ್ಟು ದೊಡ್ಡ ಕೆಲಸ ಎಂದೂ ಬಂದಿರಲಿಲ್ಲ. ಮಾವ ಆ ಸಂಜೆ ಕನ್ನಡಿಯ ಮುಂದೆ ನಿಂತು ಮೀಸೆ ಬಾಚಿಕೊಂಡರು. ಅಮ್ಮ ನನಗೆ ಕಣ್ಣು ಹೊಡೆದಳು.

ಆ ಕುರ್ಚಿಗಳ ಬೆನ್ನು ಮೇಲೆ ಅಗಲ, ಕೆಳಗೆ ಸಪೂರ. ಬಟ್ಟೆ ಹಾಸಿ ಅಂಥ ಆಕಾರವನ್ನು ಒಂದರ ಪಕ್ಕ ಒಂದು ಗುರುತು ಹಾಕಿದರೆ ನಡುವೆ ಬೇಕಾದಷ್ಟು ಬಟ್ಟೆ ದಂಡವಾಗುತ್ತದೆ. ಅದೇ ಒಂದನ್ನು ನೆಟ್ಟಗೆ, ಪಕ್ಕದ್ದನ್ನು ತಲೆಕೆಳಗಾಗಿ ಇಟ್ಟರೆ ಹಲ್ಲಿಗೆ ಹಲ್ಲು ಕೂತ ಹಾಗೆ ಕೂತು, ಚೂರೂ ಹಾಳಾಗುವುದಿಲ್ಲ. ಮಾವ ಜೀವಮಾನವಿಡೀ ಹಾಗೆಯೇ ಕತ್ತರಿಸಿದವರು. ಅವರ ಕೈಯಿಂದ ಒಂದು ಗೇಣು ಬಟ್ಟೆ ಕಸಕ್ಕೆ ಹೋದದ್ದನ್ನು ಕಂಡವರಿಲ್ಲ. ಹತ್ತಿ ಬಟ್ಟೆಗೆ ತಲೆಯೂ ಇಲ್ಲ, ಬುಡವೂ ಇಲ್ಲ. ಶೆನೀಲಿಗೆ ಇದೆ. ದೊಡ್ಡ ಕೆಲಸದ ಸಂಭ್ರಮದಲ್ಲಿ ಕೈ ತನ್ನ ಹಳೆಯ ಅಭ್ಯಾಸದ ದಾರಿ ಹಿಡಿಯಿತು. ಮಾವ ಸೀಮೆಸುಣ್ಣ ಎಳೆಯುತ್ತಾ ಹೋದರು, ನೆಟ್ಟಗೆ ಒಂದು, ತಲೆಕೆಳಗೆ ಒಂದು. ನಮ್ಮ ಟ್ಯೂಬ್‌ಲೈಟಿನ ಬಿಳಿ ಬೆಳಕಿನಲ್ಲಿ ಎಲ್ಲವೂ ಒಂದೇ ಮೆರೂನ್ ಆಗಿ ಕಂಡವು.

ಸಂಗೀತ ಶಾಲೆಯ ಹಾಲಿನ ಒಂದು ಮಗ್ಗುಲಿಗೆ ಎತ್ತರದ ಕಿಟಕಿಗಳು. ನಾವು ಕೊನೆಯ ಕವರು ಹಾಕಿ ಹಿಂದೆ ಸರಿದು ನಿಂತಾಗ ಅಡ್ಡ ಬೀಳುವ ಬೆಳಕು ಎಲ್ಲವನ್ನೂ ಬಯಲಿಗೆಳೆಯಿತು. ಒಂದು ಕುರ್ಚಿಯ ಬೆನ್ನು ಹೊಳೆಯುವ ಮೆರೂನ್, ಪಕ್ಕದ್ದು ಕಾಡಿಗೆ ಬೆರೆಸಿದ ಹಾಗೆ ಕಪ್ಪು. ಇನ್ನೊಂದು ಹೊಳಪು, ಮತ್ತೆರಡು ಕಪ್ಪು. ಹಲ್ಲುದುರಿದ ಬಾಯಿಯ ಹಾಗೆ ಇಡೀ ಹಾಲು ನಮ್ಮನ್ನು ನೋಡಿ ನಗುತ್ತಿತ್ತು. ಅಭ್ಯಾಸಕ್ಕೆ ಬಂದ ಹೆಂಗಸೊಬ್ಬರು ಕೂರುವ ಮೊದಲು ಬೆನ್ನನ್ನು ಮುಟ್ಟಿ ನೋಡಿ, “ಇದೇನು, ಒದ್ದೆ ಇದೆಯಾ?” ಅಂದರು.

ಮೇಡಂ ದನಿ ಏರಿಸುವವರಲ್ಲ. “ಮಾಸ್ಟರೇ, ಬಟ್ಟೆ ಸಾಲಲಿಲ್ವಾ? ಬೇರೆ ಸೇರಿಸಿದ್ರಾ?” ಅಂತ ಮೆಲ್ಲಗೆ ಕೇಳಿದರು.

“ಎಲ್ಲಾ ಒಂದೇ ಥಾನು, ಮೇಡಂ,” ಅಂದರು ಮಾವ. ಹಾಗನ್ನುತ್ತಲೇ ಕಪ್ಪು ಬೆನ್ನೊಂದರ ಮೇಲೆ ಅಂಗೈ ಇಟ್ಟು ಮೇಲಿನಿಂದ ಕೆಳಕ್ಕೆ ಎಳೆದರು. ಕೂದಲೆದ್ದು ನಿಂತಿತು. ಮಾವ ಕೊರಳ ಟೇಪನ್ನು ತೆಗೆದು ಮಡಿಸಿ ಜೇಬಿಗೆ ಹಾಕಿಕೊಂಡರು. “ತಪ್ಪು ನನ್ನದೇ. ಬೆನ್ನುಗಳನ್ನ ಹೊಸದಾಗಿ ಮಾಡಿ ಕೊಡ್ತೀನಿ,” ಅಂದರು.

“ಇನ್ನೊಂದು ವಾರಕ್ಕೆ ಕಚೇರಿ ಇದೆ, ಮಾಸ್ಟರೇ. ಅಷ್ಟರೊಳಗೆ ಆಗುತ್ತಾ?”

“ಆಗುತ್ತೆ.”

ಕೆಟ್ಟ ಬೆನ್ನುಗಳನ್ನು ಮೂಟೆ ಕಟ್ಟಿಕೊಂಡು ಮನೆಗೆ ಬಂದೆವು. ದಾರಿಯಲ್ಲಿ ಅಮ್ಮ ಒಮ್ಮೆ, “ಹೋಗ್ಲಿ ಬಿಡಣ್ಣ, ಕೈ ತಪ್ಪೋದು ಯಾರಿಗೂ—” ಅಂದಳು. ಮಾವ ಹೆಜ್ಜೆ ಜೋರು ಮಾಡಿ ಮುಂದೆ ಹೋಗಿಬಿಟ್ಟರು.

ಗಿರಣಿಗೆ ಹೇಳಿ ಕಳಿಸಿದ ಹೊಸ ಥಾನಿಗಾಗಿ ಕಾಯುವ ದಿನಗಳಲ್ಲಿ, ಅಜ್ಜಿಗೆ ಬೇಸರ ಕಳೆಯಲೆಂದು ಆ ಕೆಟ್ಟ ಬೆನ್ನುಗಳಲ್ಲೊಂದನ್ನು ಅವಳ ಮಡಿಲಿಗೆ ಕೊಟ್ಟೆ. ನಡೆದದ್ದನ್ನೆಲ್ಲ ಹೇಳಿದೆ. ಅವಳು ಕೇಳುತ್ತಾ ಬಟ್ಟೆಯನ್ನು ಸವರುತ್ತಿದ್ದಳು, ಅತ್ತ ಒಮ್ಮೆ, ಇತ್ತ ಒಮ್ಮೆ.

“ನೋಡೇ,” ಅಂದಳು. “ಈ ಕಡೆ ಹೋದ್ರೆ ‘ಬಾ ಬಾ’ ಅಂತ ದಾರಿ ಬಿಡುತ್ತೆ. ಆ ಕಡೆ ಹೋದ್ರೆ ‘ಎಲ್ಲಿಗೆ ಹೊರಟೆ?’ ಅಂತ ಅಡ್ಡ ನಿಲ್ಲುತ್ತೆ. ಥೇಟ್ ನಮ್ಮತ್ತೆ.”

ನಾನು ನಕ್ಕೆ. ನಗುತ್ತಿದ್ದ ಹಾಗೆಯೇ ಕತ್ತಲ ಓಣಿ ನನ್ನ ಕಣ್ಣ ಮುಂದೆ ಬಂತು. ಅದರ ಗೋಡೆಯುದ್ದಕ್ಕೆ, ಕೈಗೆ ಎಟುಕುವ ಎತ್ತರದಲ್ಲಿ, ಮೆರೂನ್ ಬಣ್ಣದ ಉದ್ದನೆಯ ಕಂಬಳಿಹುಳವೊಂದು ಮಲಗಿದ್ದನ್ನು ಕಂಡೆ. ಅದರ ತಲೆ ಅಜ್ಜಿಯ ಬಾಗಿಲಲ್ಲಿ, ಬಾಲ ಕೆಲಸದ ಕೋಣೆಯಲ್ಲಿ.

ಆ ಮಧ್ಯಾಹ್ನವೇ ಕೆಟ್ಟ ಬೆನ್ನುಗಳನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿದೆ. ಪ್ರತಿ ಪಟ್ಟಿಯನ್ನೂ ಸವರಿ ನೋಡಿ, ಕೂದಲು ಮಲಗುವ ದಿಕ್ಕಿಗೆ ಪಿನ್ನು ಚುಚ್ಚಿ ಗುರುತು ಮಾಡಿ, ಎಲ್ಲವೂ ಒಂದೇ ಕಡೆಗೆ ಮಲಗುವಂತೆ ಜೋಡಿಸಿ ಹೊಲಿದೆ. ಎದುರುಮನೆಯ ಬಡಗಿ ತೆಳ್ಳನೆಯ ಮರದ ಪಟ್ಟಿಗಳನ್ನು ತಂದುಕೊಟ್ಟ. ಅವುಗಳಿಗೆ ಒಂದು ಪದರ ಸ್ಪಂಜು, ಅದರ ಮೇಲೆ ಶೆನೀಲ್ ಬಿಗಿದೆವು. ಅವನು ಗೋಡೆಗೆ ತೂತು ಕೊರೆಯುತ್ತಾ, “ಗೋಡೆಗೂ ಸೋಫಾ ಹೊಲಿಯೋಕೆ ಶುರು ಮಾಡಿದ್ರಾ? ನಾಳೆ ಸೂರಿಗೂ ಹಾಕ್ತೀರೇನೋ” ಅಂದ.

ಮೆಟ್ಟಿಲಿನ ಹತ್ತಿರ ಬಂದಾಗ ಕೆಲಸ ನಿಲ್ಲಿಸಿದೆ. ಅಲ್ಲಿ ಏನು ಮಾಡುವುದು? ಗಂಟು ಹಾಕಲೇ, ಗುಂಡಿ ಹೊಲಿಯಲೇ ಅಂತ ಯೋಚಿಸಿ, ಕೊನೆಗೆ ಮಾವನ ತಪ್ಪನ್ನೇ ಮಾಡಿದೆ. ಮೆಟ್ಟಿಲಿಗೆ ಮುಂಚಿನ ಒಂದು ಗೇಣು ಜಾಗದಲ್ಲಿ ಬಟ್ಟೆಯನ್ನು ಬೇಕೆಂದೇ ತಲೆಕೆಳಗಾಗಿ ಹಾಕಿದೆ. ನುಣ್ಣಗೆ ಜಾರಿಕೊಂಡು ಬರುವ ಅಂಗೈಗೆ ಅಲ್ಲಿ ಕೂದಲು ತಡೆಯುತ್ತದೆ. ತಡೆದರೆ ನಿಲ್ಲಬೇಕು. ನಿಂತರೆ ಕಾಲ ಕೆಳಗೆ ಮೆಟ್ಟಿಲು. ವಾಪಸ್ಸು ಹೋಗುವಾಗ ದಾರಿಯೆಲ್ಲ ತಡೆಯುತ್ತದೆ, ಮೆಟ್ಟಿಲು ಹತ್ತಿದೊಡನೆ ಅದೊಂದು ಗೇಣು ಮಾತ್ರ ನುಣುಪು. ಕಣ್ಣು ಮುಚ್ಚಿಕೊಂಡು ನಾನೇ ಅತ್ತಿಂದಿತ್ತ ಓಡಾಡಿ ನೋಡಿದೆ. ಮಾವ ಕೆಲಸದ ಕೋಣೆಯಿಂದ ಇಣುಕಿದರು, ಪಟ್ಟಿಯನ್ನು ನೋಡಿದರು, ಮತ್ತೆ ಒಳಗೆ ಹೋದರು.

ಅಜ್ಜಿಯನ್ನು ಬಾಗಿಲಿಗೆ ಕರೆತಂದು ಅವಳ ಕೈಯನ್ನು ಪಟ್ಟಿಯ ಮೇಲಿಟ್ಟೆ. ಎರಡೇ ಸಲ ಸವರಿ ಅವಳಿಗೆ ಎಲ್ಲ ತಿಳಿಯಿತು.

“ಇದು ಮುಂದಿನ ಕೋಣೆ ತನಕ ಇದೆಯಾ?”

“ಇದೆ ಅಜ್ಜಿ. ಮೆಟ್ಟಿಲಿನ ಹತ್ತಿರ ತಿರುಗಿಸಿದ್ದೀನಿ. ಅಲ್ಲಿ ಕೈ ತಡೆಯುತ್ತೆ. ನೀನೊಬ್ಬಳೇ ಬರಬಹುದು. ಯಾರೂ ಕೈ ಹಿಡಿಯಲ್ಲ.”

ಅವಳು ಪಟ್ಟಿಯನ್ನು ಇನ್ನೊಂದು ಸಲ ಸವರಿದಳು. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡಳು.

“ಜಾಣೆ. ಚೆನ್ನಾಗಿ ಮಾಡಿದ್ದೀಯ. ಆದ್ರೆ ಅಲ್ಲಿಗೆ ಹೋಗಿ ನಾನು ಏನು ಮಾಡ್ಲಿ, ಹೇಳು? ಸೂಜಿಗೆ ದಾರ ಪೋಣಿಸಲಾ? ಬಣ್ಣ ಹೊಂದಿಸಲಾ? ನಿಮ್ಮ ಕಾಲಿಗೆ ಅಡ್ಡ ಕೂರೋಕೆ ಇಷ್ಟು ದೂರ ಯಾಕೆ ಬರಬೇಕು?”

ನಾನು ದಾರಿ ಮಾಡಿದ್ದೆ, ಹೋಗಲು ಒಂದು ಕಾರಣ ಬೇಕು ಅನ್ನುವುದು ಹೊಳೆದಿರಲಿಲ್ಲ. ಅವಳು ಗೋಡೆ ಹಿಡಿದು ಮಂಚಕ್ಕೆ ಮರಳಿದಳು. ಆ ರಾತ್ರಿ ಊಟ ಮಾಡುವಾಗ ಅಮ್ಮ ನನ್ನ ತಟ್ಟೆಗೆ ಕೇಳದೆಯೇ ಇನ್ನೊಂದು ಸಲ ಬಡಿಸಿದಳು. ಅವಳಿಗೆ ಸಮಾಧಾನ ಹೇಳುವುದು ಬರುವುದು ಹಾಗೆಯೇ.

ಹೊಸ ಥಾನು ಬಂತು. ಮಾವ ಅದನ್ನು ಬಿಚ್ಚಿ ಮೇಜಿನ ಮೇಲೆ ಹಾಸಿದರು, ಅಳತೆ ಹಿಡಿದರು, ಕತ್ತರಿ ಎತ್ತಿಕೊಂಡರು, ಕೆಳಗಿಟ್ಟರು. ಮತ್ತೆ ಎತ್ತಿಕೊಂಡರು. ಬಟ್ಟೆಯನ್ನು ಸವರಿ ನೋಡಿದರು. ಇನ್ನೊಂದು ಸಲ ಸವರಿದರು. ಆಮೇಲೆ ಸ್ಟೂಲಿನ ಮೇಲೆ ಕೂತುಬಿಟ್ಟರು.

“ನನ್ನ ಕೈಲಾಗಲ್ಲ,” ಅಂದರು. “ಬೇರೆ ಮಾಸ್ಟರ ಹತ್ರ ಕತ್ತರಿಸ್ಕೊಂಡು ಬಾ.”

“ಏನಣ್ಣ ಇದು, ಚಿಕ್ಕ ಮಗು ಥರ?” ಅಂದಳು ಅಮ್ಮ. “ಬೆನ್ನು ಕತ್ತರಿಸಿ ಕೊಟ್ರೆ ನಾಳೆಯೊಳಗೆ ಹೊಲಿದು ಮುಗಿಸ್ತೀನಿ.”

“ಮತ್ತೆ ಕೆಡಿಸಿದ್ರೆ?”

“ಕೆಡಿಸಲ್ಲ.”

“ಮೊನ್ನೇನೂ ಕೆಡಿಸಲ್ಲ ಅಂತಲೇ ಕತ್ತರಿಸಿದ್ದು!”

ಅಮ್ಮ ಬೈದಳು, ರಮಿಸಿದಳು, ಕಾಫಿ ಕೊಟ್ಟಳು. ಕಾಫಿ ಆರಿತು. ಬೆಳಿಗ್ಗೆ ಹೋಗಿ ಮಧ್ಯಾಹ್ನವಾಯಿತು. ನಾನು ಅಜ್ಜಿಗೆ ಊಟ ಕೊಂಡೊಯ್ದಾಗ ಅವಳು ತಟ್ಟೆ ಮುಟ್ಟಲಿಲ್ಲ.

“ಹೊಸ ಥಾನು ಬಂದಿದೆ ಅಂದ್ಯಲ್ಲ, ಕತ್ತರಿ ಸದ್ದೇ ಇಲ್ಲವಲ್ಲ?”

ಹೇಳಿದೆ.

“ಅವನನ್ನ ಇಲ್ಲಿಗೆ ಕರಿ.”

ಹೋಗಿ ಕರೆದೆ. “ತಲೆ ನೋಯ್ತಿದೆ ಅಂತ ಹೇಳು,” ಅಂದರು ಮಾವ. ಬಂದು ಹೇಳಿದೆ.

“ತಲೆ ನೋವಾ! ಅವನಿಗೆ ತಲೆ ನೋವು ಬಂದ್ರೆ ಇಡೀ ಬೀದಿಗೆ ಗೊತ್ತಾಗುತ್ತೆ. ಸುಮ್ಮನೆ ಕೂತಿದ್ದಾನೆ ಅಂದ್ರೆ ನೋವಾಗ್ತಿರೋದು ಬೇರೆ ಎಲ್ಲೋ.” ಅಜ್ಜಿ ಕಾಲುಗಳನ್ನು ಮಂಚದಿಂದ ಕೆಳಗಿಳಿಸಿದಳು. ಸೀರೆಯ ನೆರಿಗೆ ಸರಿ ಮಾಡಿಕೊಂಡಳು. “ನೀನು ಹಿಂದೆ ಬಾ. ಮುಟ್ಟಿದ್ರೆ ನೋಡು!”

ಅವಳು ಬಾಗಿಲಿಗೆ ಬಂದಳು. ಬಲಗೈ ಗೋಡೆಯ ಮೇಲೆ ತಡಕಾಡಿ ಪಟ್ಟಿಯನ್ನು ಹಿಡಿಯಿತು. ಒಂದು ಹೆಜ್ಜೆ. ಅಂಗೈ ನುಣ್ಣಗೆ ಜಾರಿತು. ಇನ್ನೊಂದು ಹೆಜ್ಜೆ. ಕತ್ತಲಿನಲ್ಲಿ ಅವಳ ಬಿಳಿ ಸೀರೆ ನಿಧಾನಕ್ಕೆ ಮುಂದೆ ಸಾಗುತ್ತಿತ್ತು, ನೀರಿನ ಮೇಲೆ ತೇಲುವ ಹಂಸದ ಹಾಗೆ ಅನ್ನಬೇಕೆನಿಸುತ್ತದೆ. ಆದರೆ ಹಂಸಗಳು ಗೊಣಗುವುದಿಲ್ಲ. ಅವಳು ದಾರಿಯುದ್ದಕ್ಕೂ, “ಎತ್ತಿ ಆಡಿಸಿದ್ದು ಸಾಲದು ಅಂತ ಈ ವಯಸ್ಸಿನಲ್ಲೂ ಇವನ ಹಿಂದೆ ಓಡಬೇಕು” ಅಂತ ಮಗನಿಗೆ ಬೈಯುತ್ತಲೇ ಇದ್ದಳು.

ಮೆಟ್ಟಿಲು ಹತ್ತಿರವಾಯಿತು. ನನ್ನ ಕೈ ತಾನಾಗಿ ಮುಂದಕ್ಕೆ ಚಾಚಿತು, ನಾನೇ ಅದನ್ನು ಹಿಂದಕ್ಕೆಳೆದುಕೊಂಡೆ. ಬೈಗುಳದ ಭರದಲ್ಲಿ ಅವಳಿಗೆ ಮರೆತುಹೋದರೆ? ಬಟ್ಟೆಯ ತಡೆ ಸಾಲದೆ ಹೋದರೆ?

ಅಂಗೈ ತಡೆಯಿತು.

ಅಜ್ಜಿ ಬೈಗುಳದ ನಡುವಿನಲ್ಲೇ ನಿಂತಳು. ಬೆರಳುಗಳು ಆ ಒಂದು ಗೇಣಿನ ಮೇಲೆ ಹಿಂದೆ ಮುಂದೆ ಆಡಿದವು. “ಓಹೋ, ಅತ್ತೆ ಬಂದ್ರು,” ಅಂದಳು. ಬಲಗಾಲನ್ನು ಮೆಲ್ಲಗೆ ಮುಂದೆ ಜಾರಿಸಿ ಮೆಟ್ಟಿಲಿನ ಅಂಚನ್ನು ಹುಡುಕಿದಳು, ಹೆಬ್ಬೆರಳಿನಿಂದ ತಟ್ಟಿ ನೋಡಿದಳು, ಇಳಿದಳು. ಎರಡನೇ ಕಾಲೂ ಇಳಿಯಿತು. ನಾನು ಹಿಂದೆ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡೆ. ಸೆರಗಿನಲ್ಲಿದ್ದ ಶೆನೀಲಿನ ಧೂಳು ಒಳಹೋಗಿ ಕಣ್ಣು ಇನ್ನಷ್ಟು ಉರಿಯಿತು.

ಕೆಲಸದ ಕೋಣೆಯಲ್ಲಿ ಮಾವ ಬೆನ್ನು ಹಾಕಿ ಕೂತಿದ್ದರು. ಅಮ್ಮ ಮೊದಲು ನೋಡಿದಳು.

“ಎಲ್ಲಿದ್ದಾನೆ ಆ ದೊಡ್ಡ ಮನುಷ್ಯ?” ಅಂದಳು ಅಜ್ಜಿ.

ಮಾವ ಸ್ಟೂಲಿನಿಂದ ಹಾರಿ ಎದ್ದರು. “ಅಮ್ಮಾ! ಯಾರು ಕರ್ಕೊಂಡು ಬಂದ್ರು? ಮೆಟ್ಟಿಲು—”

“ನೀನು ಕೆಡಿಸಿದ ಬಟ್ಟೆ ಹಿಡ್ಕೊಂಡು ಬಂದೆ. ಯಾರೂ ಕರ್ಕೊಂಡು ಬರಲಿಲ್ಲ. ಕೂರೋಕೆ ಜಾಗ ಇದೆಯೋ, ನಿಂತೇ ಬೈಬೇಕೋ?”

ನಾನು ಓಡಿಹೋಗಿ ಬೆತ್ತದ ಕುರ್ಚಿಯ ಮೇಲಿದ್ದ ಥಾನುಗಳನ್ನು ನೆಲಕ್ಕೆ ತಳ್ಳಿದೆ. ಅಜ್ಜಿ ಕೂತಳು. ದಮ್ಮು ತೆಗೆದುಕೊಂಡಳು. ನಾವೆಲ್ಲ ಬೈಗುಳಕ್ಕೆ ಕಾದೆವು, ಆದರೆ ಅವಳು ಬೈಯಲಿಲ್ಲ. ಮೇಜಿನ ಕಡೆ ಕೈ ಚಾಚಿದಳು.

“ಹೊಸ ಬಟ್ಟೆ ಕೊಡಿಲ್ಲಿ.”

ಮಾವ ಬಟ್ಟೆಯ ತುದಿಯನ್ನು ಅವಳ ಕೈಗೆ ಕೊಟ್ಟರು. ಅವಳು ಅದನ್ನು ಮೇಜಿನ ಮೇಲೆ ಮಟ್ಟಸವಾಗಿ ಹರಡಿ ಒಮ್ಮೆ ಸವರಿದಳು.

“ಈ ಕಡೆ ಮಲಗುತ್ತೆ. ಗೆರೆ ಎಳಿ.”

ಮಾವ ಸೀಮೆಸುಣ್ಣದಿಂದ ಬಾಣ ಎಳೆದರು. ಮಾದರಿಯ ಕಾಗದವನ್ನು ಇಟ್ಟರು. ಅಜ್ಜಿ ಕಾಗದವನ್ನು ತಡವಿ, ಅಗಲದ ಕಡೆ ಯಾವುದು, ಸಪೂರದ ಕಡೆ ಯಾವುದು ಅಂತ ನೋಡಿ, ಬಟ್ಟೆಯನ್ನು ಸವರಿ, “ಹೂಂ” ಅಂದಳು. ಎರಡನೆಯದಕ್ಕೂ ಹಾಗೆಯೇ. ಮೂರನೆಯದಕ್ಕೆ ಮಾವನ ಕೈ ಅಭ್ಯಾಸದಂತೆ ಕಾಗದವನ್ನು ತಲೆಕೆಳಗು ಮಾಡಿತು. ಅಜ್ಜಿ ಅವರ ಮಣಿಕಟ್ಟಿಗೆ ಛಟ್ಟನೆ ಹೊಡೆದಳು. ಅಮ್ಮ ನಗು ತಡೆಯಲಾರದೆ ಮಿಷನ್ನಿನ ಮೇಲೆ ಬಾಗಿದಳು. ಮಾವನೂ ನಕ್ಕರು. ನಕ್ಕು, ಕತ್ತರಿ ಎತ್ತಿಕೊಂಡರು. ದಪ್ಪ ಬಟ್ಟೆಯಲ್ಲಿ ಅದು ಕರಕರ ಅನ್ನುತ್ತಾ ಹೊರಟಿತು.

ನಾಲ್ಕೋ ಐದೋ ಬೆನ್ನು ಕತ್ತರಿಸಿ ಆಗಿರಬೇಕು. ಅಜ್ಜಿ ಬಟ್ಟೆಯ ಮೇಲೆ ಕೈಯಿಟ್ಟುಕೊಂಡೇ, ಯಾರಿಗೆಂದು ಇಲ್ಲದೆ ಅಂದಳು:

“ಒಬ್ಬ ರಾಜನಿಗೆ ಒಂದು ಸಲವೂ ತಪ್ಪು ಮಾಡದ ದರ್ಜಿ ಬೇಕಿತ್ತಂತೆ. ದೇಶವೆಲ್ಲ ಹುಡುಕಿಸಿದನಂತೆ. ಕೊನೆಗೆ ಒಬ್ಬ ಸಿಕ್ಕಿದ. ಅರಮನೆಗೆ ಕರೆಸಿ, ರೇಷ್ಮೆ ಕೊಟ್ಟು, ಅಂಗಿ ಹೊಲಿ ಅಂದ್ರೆ, ಅವನು ಹೇಳಿದನಂತೆ, ‘ಮಹಾಪ್ರಭು, ನಾನು ಇವತ್ತಿನ ತನಕ ಕತ್ತರಿ ಮುಟ್ಟಿಲ್ಲ. ಅದಕ್ಕೇ ತಪ್ಪೂ ಆಗಿಲ್ಲ.’”

“ಅಮ್ಮಾ, ಆ ದರ್ಜಿ ನಾನಾ?” ಅಂದರು ಮಾವ.

“ನೀನ್ಯಾಕೋ ಮೇಲೆ ಹಾಕ್ಕೋತೀಯ? ಅವನ ಮೀಸೆ ನಿನಗಿಂತ ಚೆನ್ನಾಗಿತ್ತು. ಸುಮ್ಮನೆ ಕತ್ತರಿಸು.”

“ಆಮೇಲೆ ರಾಜ ಏನು ಮಾಡಿದ ಅಜ್ಜಿ?” ಅಂದೆ ನಾನು. ನನ್ನ ದನಿ ನನಗೇ ಆರು ವರ್ಷದವಳದ್ದಾಗಿ ಕೇಳಿಸಿತು.

ಅವಳು ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದಳು. “ಹೇಳ್ತೀನಿ, ಹತ್ತಿರ ಬಾ,” ಅಂದಳು. ಹೇಳಿದಳು. ರಾಜ ಚಳಿಗೆ ನಡುಗಿದ, ಮಂತ್ರಿಯ ಹೆಂಡತಿಗೆ ಒಂದು ಕಂಬಳಿಹುಳ ಸಿಕ್ಕಿತು, ಕತೆ ಎಲ್ಲೆಲ್ಲಿಗೋ ಹೋಯಿತು. ಅದು ಮುಗಿಯುವ ಹೊತ್ತಿಗೆ ಮೇಜಿನ ಮೇಲೆ ಬೆನ್ನುಗಳ ರಾಶಿ ಎದ್ದಿತ್ತು. ಎಲ್ಲದರ ಕೂದಲೂ ಒಂದೇ ಕಡೆಗೆ ಮಲಗಿತ್ತು.

ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ಅಜ್ಜಿ ಕಿವಿಗೊಟ್ಟು ಕೇಳಿದಳು. ಎದ್ದು ನಿಂತು, ಗೋಡೆಯ ಮೇಲೆ ಕೈಯಾಡಿಸಿದಳು. ಪಟ್ಟಿ ಕೊನೆಯಾದ ಕಡೆ ಬೆರಳುಗಳು ಬರೀ ಸುಣ್ಣಕ್ಕೆ ತಾಗಿದವು.

“ಇದೇನೇ ಪುಟ್ಟಿ, ಇಲ್ಲಿಗೇ ನಿಲ್ಲಿಸಿಬಿಟ್ಟಿದ್ದೀಯ? ಬೀದಿ ಬಾಗಿಲ ತನಕ ಯಾಕಿಲ್ಲ?”

“ಬಟ್ಟೆ ಮುಗೀತು ಅಜ್ಜಿ.”

“ಅಷ್ಟೇ ತಾನೇ? ಇವನಿದ್ದಾನಲ್ಲ,” ಅಂದು ಅವಳು ಕತ್ತರಿಯ ಸದ್ದಿನ ಕಡೆಗೆ ಗದ್ದ ಎತ್ತಿ ತೋರಿಸಿದಳು. “ಇನ್ನೊಂದಷ್ಟು ಕೆಡಿಸಿ ಕೊಡ್ತಾನೆ.”